ನನ್ನ ಜೊತೆ ನಿವೃತ್ತರಾದ ಎಂಬತ್ತೆರಡು ಮಕ್ಕಳು

ಪ್ರಾಥಮಿಕ ಶಾಲೆಗೆ ಹೊಸದಾಗಿ ಸೇರಿದ ಟೀಚರುಗಳು ಈಗಲೂ ನನಗೆ ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ. "ಮ್ಯಾಡಂ, ಮಕ್ಕಳ ಕೈಲಿ ಬ್ಲಾಗ್ ಬರೆಸಬೇಕಂತೆ. ಯಾವ ಸೈಟ್ ಒಳ್ಳೇದು?" ನಾನು ಕೋಲ್ಕತ್ತದಲ್ಲಿ ಹಡಗು ಕಟ್ಟುವ ಪ್ರದೇಶವಾದ ಗಾರ್ಡನ್ ರೀಚ್‌ನ ಒಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವಳು. ಅದರಲ್ಲಿ ಕೊನೆಯ ಹದಿನೈದು ವರ್ಷ ಕಂಪ್ಯೂಟರ್ ಇನ್‌ಚಾರ್ಜ್. ಆದ್ದರಿಂದ ಉತ್ತರ ನನಗೆ ಗೊತ್ತಿರಬೇಕು ಎಂಬುದು ಅವರ ನಂಬಿಕೆ. ನನಗೆ ಗೊತ್ತಿರುವುದು ಯಾವ ಸೈಟನ್ನು ಹೇಗೆ ಆರಿಸಬಾರದು ಎಂಬುದಷ್ಟೇ. ಅದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗುವುದಿಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಕಂಪ್ಯೂಟರ್ ಇನ್‌ಚಾರ್ಜ್ ಆದದ್ದು ಹೇಗೆಂದು ಹೇಳಿಬಿಡುತ್ತೇನೆ. ಕಂಪ್ಯೂಟರ್ ಕಲಿತದ್ದರಿಂದಲ್ಲ. ಒಂದು ಮಧ್ಯಾಹ್ನ ಆಫೀಸಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತ್ತು. ನಾಲ್ಕು ಜನ ಸುತ್ತ ನಿಂತು ಅದನ್ನು ನೋಡುತ್ತಿದ್ದರು. ನಾನು ಮಕ್ಕಳ ಹಾಜರಿ ಕೊಡಲು ಹೋದವಳು, ಮುಚ್ಚಳ ತೆಗೆದು ಕಾಗದ ಎಳೆದೆ. ಮರುದಿನ ಆರ್ಡರ್ ಬಂತು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಹಾಗೆ. ಗದಗಿನ ಕಡೆಯಿಂದ ಮದುವೆಯಾಗಿ ಬಂದ ಕನ್ನಡ ಹೆಂಗಸು, ಬಂಗಾಳಿ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪರಿಸರ ಪಾಠ ಹೇಳಿಕೊಂಡಿದ್ದವಳು, ಅಂದಿನಿಂದ ತಂತ್ರಜ್ಞಾನ ತಜ್ಞೆಯಾದೆ.

ಆಗಿನ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಮಕ್ಕಳು ಸಾಲಾಗಿ ಬಂದು, ಪ್ಲಾಸ್ಟಿಕ್ ಹೊದಿಕೆ ಹೊದ್ದ ಕಂಪ್ಯೂಟರುಗಳನ್ನು ದರ್ಶನ ಮಾಡಿ, ಸಾಲಾಗಿ ಹಿಂತಿರುಗುತ್ತಿದ್ದರು. ವಿಶ್ವಕರ್ಮ ಪೂಜೆಯ ದಿನ ಮಾತ್ರ ಹೊದಿಕೆ ತೆಗೆಯುತ್ತಿದ್ದೆವು. ನಮ್ಮ ಊರಿನ ಆಯುಧಪೂಜೆ ಇಲ್ಲಿ ಸೆಪ್ಟೆಂಬರಿನಲ್ಲೇ ಬರುತ್ತದೆ. ಹಡಗು ಕಟ್ಟುವ ಕಡೆಯವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಅಂದು ಆಕಾಶದ ತುಂಬ ಗಾಳಿಪಟ, ಕೆಳಗೆ ಕ್ರೇನಿನಿಂದ ಹಿಡಿದು ಸ್ಕ್ರೂಡ್ರೈವರ್‌ವರೆಗೆ ಎಲ್ಲಕ್ಕೂ ಹೂವು. ನಮ್ಮ ಮೌಸುಗಳಿಗೂ ಕುಂಕುಮ ಬೀಳುತ್ತಿತ್ತು. ಆಮೇಲೆ ಎರಡು ವಾರ ಅವು ಓಡುತ್ತಿರಲಿಲ್ಲ. ಕುಂಕುಮ ಒಳಗೆ ಹೋಗಿದೆಯೆಂದು ನನಗೊಬ್ಬಳಿಗೇ ಗೊತ್ತಿತ್ತು, ನಾನು ಹೇಳುತ್ತಿರಲಿಲ್ಲ.

ಕಾಲ ಬದಲಾಯಿತು. ಆನ್‌ಲೈನ್ ಪರಿಕರಗಳ ಯುಗ ಬಂತು. ಹೆಡ್‌ಮಾಸ್ಟರ್ ಘೋಷಾಲ್ ಬಾಬು ಆಯ್ಕೆ ಸಮಿತಿ ಮಾಡಿದರು. ಅದರಲ್ಲಿ ಅವರು, ನಾನು ಮತ್ತು ಇನ್ನೂ ಮೂವರು ಟೀಚರುಗಳು. ಘೋಷಾಲ್ ಬಾಬು ಕೆಟ್ಟವರಲ್ಲ. ಅವರಿಗೆ ಎರಡೇ ಭಯ, ಮೇಲಿನಿಂದ ಬರುವ ಪತ್ರ ಮತ್ತು ಮೇಲಕ್ಕೆ ಹೋಗುವ ಪತ್ರ. ಸಮಿತಿ ಎಂದರೆ ತಪ್ಪು ಐದು ಜನರಿಗೆ ಹಂಚಿಹೋಗುತ್ತದೆಂಬ ಸಮಾಧಾನ ಅವರದು.

ಮೊದಲ ಸಭೆಗೆ ಒಂದು ಕ್ವಿಜ್ ಪರಿಕರ ಬಂತು. ಬಣ್ಣಬಣ್ಣದ ಗುಂಡಿಗಳು, ಬೇಗ ಉತ್ತರ ಒತ್ತಿದವರು ಮುಂದೆ. ಪಕ್ಕದ ಕೋಣೆಯಿಂದ ಮೂವರು ಮಕ್ಕಳನ್ನು ಕರೆದಿದ್ದರೆ ಐದು ನಿಮಿಷದಲ್ಲಿ ಅದರ ಬಂಡವಾಳ ಗೊತ್ತಾಗುತ್ತಿತ್ತು. ಆದರೆ ಸಮಿತಿಯ ಕೋಣೆಗೆ ಮಕ್ಕಳು ಬರುವಂತಿಲ್ಲ. ಹಾಗಾಗಿ ನಾವೇ ಆಡಿದೆವು. ಪ್ರಶ್ನೆ ಮೂರನೇ ತರಗತಿಯದು. ಘೋಷಾಲ್ ಬಾಬು ಕನ್ನಡಕ ಹುಡುಕುವಷ್ಟರಲ್ಲಿ ಸಮಯ ಮುಗಿಯುತ್ತಿತ್ತು. ಕೊನೆಗೆ ಪರದೆಯ ಮೇಲೆ ಅವರ ಹೆಸರು ಎಲ್ಲರಿಗಿಂತ ಕೆಳಗೆ ಬಂತು. ಪಕ್ಕದಲ್ಲಿ ಒಂದು ಬಸವನಹುಳು, ಕಣ್ಣು ಮಿಟುಕಿಸುತ್ತ. ಯಾರೂ ನಗಲಿಲ್ಲ. ನಗದೇ ಇರುವುದಕ್ಕೆ ನಾನು ಪಟ್ಟ ಕಷ್ಟ ನನಗೇ ಗೊತ್ತು. "ಈ ಪರಿಕರ ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ" ಎಂದು ನಡಾವಳಿಯಲ್ಲಿ ಬರೆದೆವು.

ಎರಡನೆಯದು ಒಳ್ಳೆಯ ಬ್ಲಾಗ್ ಸೈಟು. ಸರಳವಾಗಿತ್ತು, ಜಾಹೀರಾತು ಇರಲಿಲ್ಲ, ಶಾಲೆಗಳಿಗೆ ಪುಕ್ಕಟೆ ಕೊಡುತ್ತಿದ್ದರು. ಪುಕ್ಕಟೆಯಾದದ್ದೇ ಅದರ ದೋಷವಾಯಿತು. ಏನೇ ಆರಿಸಿದರೂ ಮೂರು ಕೊಟೇಶನ್ ಇರಬೇಕೆಂದು ನಿಯಮ. ಪುಕ್ಕಟೆ ಕೊಡುವವರು ಕೊಟೇಶನ್ ಕೊಡುವುದಿಲ್ಲ. "ಬೆಲೆಯೇ ಇಲ್ಲದ್ದನ್ನು ಅಗ್ಗವೆಂದು ಹೇಗೆ ತೋರಿಸುವುದು, ಮ್ಯಾಡಂ?" ಎಂದು ಘೋಷಾಲ್ ಬಾಬು ನಿಜವಾದ ಚಿಂತೆಯಿಂದ ಕೇಳಿದರು. ಅದನ್ನೂ ಬಿಟ್ಟೆವು.

ಮೂರನೆಯದನ್ನು ತಂದವನು ಚೇತನ್. ಬೆಂಗಳೂರಿನ ಹುಡುಗ, ಕಂಪನಿಯ ಪರವಾಗಿ ಇಡೀ ಕೋಲ್ಕತ್ತ ಸುತ್ತುತ್ತಿದ್ದ. ಹಾಜರಿ ಪುಸ್ತಕದ ಮೇಲೆ ನನ್ನ ಅಡ್ಡಹೆಸರು ನೋಡಿ ಅವನ ಮುಖ ಅರಳಿತು.

"ಅಂಗಡಿ ಅಂದ್ರೆ... ಅಯ್ಯೋ ಮೇಡಂ, ನೀವು ನಮ್ಮೋರೇನಾ! ಇಲ್ಲಿಗೆ ಬಂದು ಎಂಟು ತಿಂಗ್ಳಾಯ್ತು, ಕನ್ನಡ ಮಾತಾಡಿ ಬಾಯಿ ಸತ್ತೋಗಿತ್ತು."

ಮನೆಗೆ ಕರೆದು ರೊಟ್ಟಿ, ಎಣಗಾಯಿ ಹಾಕಿದೆ. ಅವನು ತಿಂದ, ಹೊಗಳಿದ, ಇನ್ನೊಮ್ಮೆ ಹಾಕಿಸಿಕೊಂಡ. ಆಮೇಲೆ ಅವನ ಪರಿಕರದ ದೋಷ ನನ್ನ ಕಣ್ಣಿಗೆ ಬೀಳುವುದು ಹೇಗೆ? ಹೊಸಬರೇ, ಇದನ್ನು ನೆನಪಿಡಿ. ಮಾರಲು ಬಂದವರಿಗೆ ನೀವು ಉಣ್ಣಿಸಬೇಡಿ, ಅವರು ಕೊಟ್ಟದ್ದನ್ನು ನೀವೂ ಉಣ್ಣಬೇಡಿ.

ಸಮಿತಿಯ ಮುಂದೆ ಚೇತನ್ ಒಂದೊಂದೇ ಗುಂಡಿ ಒತ್ತಿ ತೋರಿಸಿದ. ಮಕ್ಕಳು ಬರೆಯುವುದು ಹೇಗೆ ಎಂಬುದಕ್ಕೆ ಎರಡು ನಿಮಿಷ. ಅಧಿಕಾರಿಗಳು ತಡೆಯುವುದು ಹೇಗೆ ಎಂಬುದಕ್ಕೆ ಮುಕ್ಕಾಲು ಗಂಟೆ. ಘೋಷಾಲ್ ಬಾಬುವಿಗೆ ಒಂದು ಸೌಲಭ್ಯ ವಿಪರೀತ ಹಿಡಿಸಿತು. ಸಿಬ್ಬಂದಿಗೆ ಅರವತ್ತು ತುಂಬಿದ ತಿಂಗಳ ಕೊನೆಗೆ ಅವರ ಖಾತೆ ತಾನಾಗಿ ಮುಚ್ಚಿಹೋಗುತ್ತದೆ, ಮೂವತ್ತು ದಿನ ಬಿಟ್ಟು ಎಲ್ಲ ಅಳಿಸಿಹೋಗುತ್ತದೆ. ನಿವೃತ್ತರಾದ ಒಬ್ಬ ಗಣಿತದ ಮೇಷ್ಟ್ರು ಶಾಲೆಯ ಇಮೇಲಿನಿಂದ ಇನ್ನೂ ಎಲ್ಲರಿಗೂ ಸುಪ್ರಭಾತ ಕಳಿಸುತ್ತಿದ್ದರು. ಅವರ ಕಾಟ ಅನುಭವಿಸಿದವರಿಗೇ ಗೊತ್ತು.

"ಒಂದ್ ಕ್ಲಿಕ್ ಕೂಡ ಬೇಡ ಮೇಡಂ. ಸಿಸ್ಟಮ್ಮೇ ರಿಟೈರ್ ಮಾಡುತ್ತೆ, ಥ್ಯಾಂಕ್ಸ್ ಲೆಟರೂ ಕಳ್ಸುತ್ತೆ" ಎಂದು ಚೇತನ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ. ನಾನು ಅನುವಾದಿಸುವ ಮೊದಲೇ ಹೆಡ್‌ಮಾಸ್ಟರು ಟಿಕ್ ಹಾಕಿದ್ದರು.

ಉದ್ಘಾಟನೆ ವಿಶ್ವಕರ್ಮ ಪೂಜೆಯ ದಿನ ಎಂದು ಗೊತ್ತಾಯಿತು. ಮೇಲಿನ ಅಧಿಕಾರಿಯೊಬ್ಬರು ಬರುವವರಿದ್ದರು. ಆನ್‌ಲೈನ್ ಪರಿಕರಕ್ಕೆ ಪೂಜೆ ಮಾಡುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಕೊನೆಗೆ ಸೈಟಿನ ಮೊದಲ ಪುಟವನ್ನು ಬಣ್ಣದಲ್ಲಿ ಪ್ರಿಂಟ್ ತೆಗೆದು, ಚೌಕಟ್ಟು ಹಾಕಿಸಿ, ಚೆಂಡುಹೂವಿನ ಹಾರ ತೊಡಿಸಿದೆವು. ಪುರೋಹಿತರು ಹೆಸರು ಕೇಳಿದರು. ಚೇತನ್ ಕಂಪನಿಯ ಹೆಸರು ಹೇಳಿದ. ಗೋತ್ರ ಕೇಳಿದರೆ ಏನು ಹೇಳಲಿ ಎಂದು ನನ್ನ ಕಿವಿಯಲ್ಲಿ ಕೇಳಿದ ಹುಡುಗ.

ಅದಕ್ಕೆ ಎರಡು ದಿನ ಮೊದಲು ನಾನು ಮಾಡಿದ ಕೆಲಸವೇ ಈ ಬರಹಕ್ಕೆ ಕಾರಣ. ಮೂರನೇ ತರಗತಿಯ ಎರಡು ವಿಭಾಗದ ಎಂಬತ್ತೆರಡು ಮಕ್ಕಳಿಗೆ ಖಾತೆ ತೆರೆಯಬೇಕಿತ್ತು. ಫಾರಂನಲ್ಲಿ ಹುಟ್ಟಿದ ದಿನಾಂಕ ಕೇಳಿತು. ಮಗುವಿನ ನಿಜವಾದ ದಿನಾಂಕ ಹಾಕಿದೆ. ಹದಿಮೂರರೊಳಗಿನವರಿಗೆ ತಂದೆತಾಯಿ ಇಬ್ಬರ ಒಪ್ಪಿಗೆ ಪತ್ರ, ಸಹಿ, ಗುರುತಿನ ದಾಖಲೆ ಎಲ್ಲ ಬೇಕೆಂದು ಕೆಂಪು ಅಕ್ಷರ ಬಂತು. ಪ್ರಾಥಮಿಕ ಶಾಲೆಗೆಂದೇ ಆರಿಸಿದ ಪರಿಕರಕ್ಕೆ ಪ್ರಾಥಮಿಕ ಶಾಲೆಯ ಮಕ್ಕಳ ವಯಸ್ಸು ಆಗದು. ಸಮಿತಿಯ ಐದು ಜನರಲ್ಲಿ ಯಾರೂ ಇದನ್ನು ನೋಡಿರಲಿಲ್ಲ, ಏಕೆಂದರೆ ನಾವು ಒಂದೇ ಒಂದು ಮಗುವಿನ ಹೆಸರು ಹಾಕಿ ಪರೀಕ್ಷಿಸಿರಲಿಲ್ಲ.

ಚೇತನ್‌ಗೆ ಫೋನ್ ಮಾಡಿದೆ. "ಒಪ್ಪಿಗೆ ತಗೊಳ್ಳೋಕೆ ತಿಂಗ್ಳಾಗತ್ತೆ ಮೇಡಂ. ಈಗ ಯಾವ್ದೋ ಒಂದ್ ಡೇಟ್ ಹಾಕ್ಬಿಡಿ, ಆಮೇಲೆ ಸರಿ ಮಾಡಿದ್ರಾಯ್ತು" ಅಂದ.

ಯಾವುದೋ ಒಂದು ದಿನಾಂಕ ಎಂದರೆ ಕೈಗೆ ಮೊದಲು ಬರುವುದು ನಮ್ಮದೇ ಅಲ್ಲವೇ? ನನ್ನ ಜನ್ಮದಿನಾಂಕ ಹಾಕಿದೆ. ಫಾರಂ ತಕ್ಷಣ ಒಪ್ಪಿತು. ಮುಂದಿನ ಮಗುವಿಗೂ ಅದೇ. ಎಂಬತ್ತೆರಡು ಸಲ ಅದನ್ನೇ ಅಂಟಿಸಿದೆ. ಎಂಟು ವರ್ಷದ ಕಂದಮ್ಮಗಳು ಸಂಜೆಯೊಳಗೆ ಐವತ್ತೆಂಟು ವರ್ಷದವರಾದರು. ಅಷ್ಟು ವಯಸ್ಸಾದವರನ್ನು ಸಿಸ್ಟಮ್ ಸಹಜವಾಗಿಯೇ ಸಿಬ್ಬಂದಿಯ ಪಟ್ಟಿಗೆ ಸೇರಿಸಿಕೊಂಡಿತು. ಆಮೇಲೆ ಸರಿ ಮಾಡುತ್ತೇನೆಂದುಕೊಂಡೆ. ಆಮೇಲೆ ಎನ್ನುವುದು ಸರ್ಕಾರಿ ಕೆಲಸದಲ್ಲಿ ಒಂದು ತಾರೀಖಲ್ಲ.

ಫೆಬ್ರವರಿಯಲ್ಲಿ ನನಗೆ ಐವತ್ತೊಂಬತ್ತು ತುಂಬಿದ ದಿನ ಬೆಳಿಗ್ಗೆಯೇ ಶಾಲೆಯಲ್ಲಿ ಗಲಾಟೆ. ಎಂಬತ್ತೆರಡು ಮಕ್ಕಳಿಗೂ ಸೈಟಿನಿಂದ ಬಲೂನಿನ ಚಿತ್ರದ ಜೊತೆ ಹುಟ್ಟುಹಬ್ಬದ ಶುಭಾಶಯ ಬಂದಿತ್ತು. ಮಕ್ಕಳಿಗೆ ಏನು, ಖುಷಿ. ಕೆಲವರು ಚಾಕೊಲೇಟ್ ಹಂಚಿದರು. ಒಬ್ಬ ತಾಯಿ ಮಾತ್ರ ಬಂದು, "ನನ್ನ ಮಗ ಹುಟ್ಟಿದ್ದು ದುರ್ಗಾಪೂಜೆಯ ಅಷ್ಟಮಿಗೆ, ನನಗೆ ಮರೆತಿರುತ್ತದೆಯೇ?" ಎಂದು ಜಗಳ ತೆಗೆದರು. ತಾಂತ್ರಿಕ ದೋಷ ಎಂದೆ. ಈ ಎರಡು ಪದಕ್ಕೆ ಇರುವ ಶಕ್ತಿ ಯಾವ ಮಂತ್ರಕ್ಕೂ ಇಲ್ಲ. ಆಕೆ ಸುಮ್ಮನೆ ಹೋದರು, ನಾನು ಒಂದು ಚಾಕೊಲೇಟ್ ತಿಂದೆ.

ಇನ್ನು ಬ್ಲಾಗಿನಲ್ಲಿ ಏನು ಬರುತ್ತಿತ್ತು ಎನ್ನುವಿರಾ? ಏಪ್ರಿಲಿನಲ್ಲಿ ಮಕ್ಕಳು ನಾಲ್ಕನೇ ತರಗತಿಗೆ ಬಂದಾಗ ನಾನೊಂದು ಯೋಜನೆ ಕೊಟ್ಟೆ. ದಿನಕ್ಕೊಂದು ಸಂಗತಿ, ನಿಮ್ಮ ಕಣ್ಣಿನಿಂದ ನೀವೇ ನೋಡಿದ್ದನ್ನು ಮಾತ್ರ ಬರೆಯಿರಿ ಎಂದೆ. ಮರುದಿನದಿಂದ "ನೀರು ಉಳಿಸಿ" ಬರತೊಡಗಿತು. "ನನ್ನ ತಾಯಿ" ಬಂತು. ಮೂವತ್ತು ಮಕ್ಕಳ ತಾಯಂದಿರು ಪದಕ್ಕೆ ಪದ ಒಂದೇ ಥರ ಇದ್ದರು. ಒಬ್ಬ ಹುಡುಗನ ತಾಯಿಗೆ ಪಕ್ಕದ ಮನೆಯ ಹುಡುಗಿಯ ತಾಯಿಯ ಹೆಸರೇ ಇತ್ತು, ತೆಗೆಯಲು ಮರೆತಿದ್ದರು. ಬರೆಯುತ್ತಿದ್ದವರು ಅಪ್ಪಂದಿರು, ಟ್ಯೂಷನ್ ಮೇಷ್ಟ್ರುಗಳು, ಇತ್ತೀಚೆಗೆ ಬರೆದುಕೊಡುವ ಯಂತ್ರಗಳೂ ಸಹ. ಮೆಚ್ಚಿ ಅಭಿಪ್ರಾಯ ಹಾಕುತ್ತಿದ್ದವರು ನಾವು ಟೀಚರುಗಳು, ಅದೂ ಹೆಡ್‌ಮಾಸ್ಟರರ ಆದೇಶದ ಮೇಲೆ. ಇದರಲ್ಲಿ ಮಕ್ಕಳಿಗೆ ಯಾವ ತೊಂದರೆಯೂ ಆಗುತ್ತಿರಲಿಲ್ಲ.

ಒಬ್ಬಳು ಮಾತ್ರ ನಾನು ಹೇಳಿದಂತೆ ಮಾಡಿದಳು. ಟುಂಪಾ. ರಿಜಿಸ್ಟರಿನಲ್ಲಿ ಉದ್ದದ ಹೆಸರಿದೆ, ಆದರೆ ಇಲ್ಲಿ ಪ್ರತಿ ಮಗುವಿಗೂ ಮನೆಯ ಹೆಸರೊಂದು ಇರುತ್ತದೆ, ಜಗತ್ತು ಅದರಲ್ಲೇ ಕರೆಯುತ್ತದೆ. ಅವಳ ಅಪ್ಪ ಹಡಗಿನ ಕಾರ್ಖಾನೆಯಲ್ಲಿ ವೆಲ್ಡರ್. ಮನೆ ಗಂಗೆಯ ಆಚೆ ದಡದಲ್ಲಿ. ದಿನಾ ಬೆಳಿಗ್ಗೆ ಆರು ನಲವತ್ತರ ಲಂಚ್, ಅಂದರೆ ಯಂತ್ರದ ದೋಣಿ, ಹತ್ತಿ ಅಪ್ಪನ ಜೊತೆ ನದಿ ದಾಟಿ ಬರುತ್ತಿದ್ದಳು. ಅವಳ ಮೊದಲ ಬರಹ ಹೀಗಿತ್ತು: "ಇವತ್ತು ಘಾಟಿನಲ್ಲಿ ನೀರಿನ ಮೇಲೆ ಒಂಬತ್ತು ಮೆಟ್ಟಿಲು ಕಂಡವು." ಮರುದಿನ: "ಇವತ್ತು ಎಂಟು ಮೆಟ್ಟಿಲು." ಅದರ ಮರುದಿನ: "ಇವತ್ತು ಏಳು."

ನಾನೇನು ಮಾಡಿದೆ? ಮೆಚ್ಚಿಕೊಂಡೆ ಎಂದು ಬರೆಯಲು ಕೈ ಹೋಗುತ್ತಿದೆ. ನಿಜ ಹೇಳುತ್ತೇನೆ. "ಕನಿಷ್ಠ ಐದು ವಾಕ್ಯ ಇರಬೇಕು" ಎಂದು ಟಿಪ್ಪಣಿ ಹಾಕಿ ವಾಪಸ್ ಕಳಿಸಿದೆ. ಟುಂಪಾ ಆಜ್ಞೆ ಪಾಲಿಸಿದಳು. "ಇವತ್ತು ಏಳು ಮೆಟ್ಟಿಲು. ಇವತ್ತು ಏಳು ಮೆಟ್ಟಿಲು. ಇವತ್ತು ಏಳು ಮೆಟ್ಟಿಲು." ಹೀಗೆ ಐದು ಸಲ. ಕರೆದು ಬೈಯಬೇಕೆಂದು ಹೊರಟವಳಿಗೆ ನಗು ಬಂತು.

"ಬೇರೆ ಏನಾದರೂ ಬರೆಯಬಾರದೇನೇ? ನದಿ ಎಷ್ಟು ಸುಂದರ, ಹಕ್ಕಿಗಳು ಹಾರುತ್ತವೆ, ಹಾಗೆ?"

"ಹಕ್ಕಿ ನೋಡಲಿಲ್ಲ ಮಿಸ್. ಮೆಟ್ಟಿಲು ಎಣಿಸುತ್ತಿದ್ದೆ" ಎಂದಳು. ಆಮೇಲೆ ಗುಟ್ಟು ಹೇಳುವಂತೆ, "ಲಂಚ್ ನಡೆಸುವ ಅಂಕಲ್ ಹೇಳಿದ್ದಾರೆ, ಒಂದು ಇಡೀ ವರ್ಷ ಎಣಿಸಿದವರು ಯಾರೂ ಇಲ್ಲವಂತೆ. ನಾನು ಎಣಿಸುತ್ತೇನೆ. ಒಂದು ದಿನವೂ ಬಿಡುವುದಿಲ್ಲ" ಎಂದಳು.

ಬಿಡಲೂ ಇಲ್ಲ. ಭಾನುವಾರ ಅಜ್ಜಿಯನ್ನು ಕರೆದುಕೊಂಡು ಘಾಟಿಗೆ ಹೋಗುತ್ತಿದ್ದಳು. ಮಳೆಗಾಲದಲ್ಲಿ ನದಿ ಉಬ್ಬಿದಾಗ "ಇವತ್ತು ಎರಡೇ" ಎಂದು ಬರೆದಳು. ದುರ್ಗಾಪೂಜೆಯ ರಜೆಯಲ್ಲಿ ಊರೆಲ್ಲ ಪೆಂಡಾಲ್ ಸುತ್ತುವಾಗಲೂ ಆರು ನಲವತ್ತಕ್ಕೆ ಅವಳ ಸಂಖ್ಯೆ ಬರುತ್ತಿತ್ತು. ಎಲ್ಲವನ್ನೂ ಅಪ್ಪನ ಮೊಬೈಲಿನಿಂದ ನೇರವಾಗಿ ಬ್ಲಾಗಿಗೆ. ನೋಟ್‌ಬುಕ್ಕಿನಲ್ಲಿ ಬರೆಯುವಂತಿರಲಿಲ್ಲ. ನಮ್ಮದು ಕಾಗದರಹಿತ ಶಾಲೆ ಎಂದು ಘೋಷಾಲ್ ಬಾಬು ಸುತ್ತೋಲೆ ಹೊರಡಿಸಿ, ಅದನ್ನು ಪ್ರಿಂಟ್ ತೆಗೆಸಿ, ಪ್ರತಿ ಕೋಣೆಗೂ ನಾಲ್ಕರಂತೆ ಅಂಟಿಸಿದ್ದರು.

ಒಂದು ಸಂಜೆ ನಾನು ಮನೆಯಲ್ಲಿ ಬ್ಲಾಗ್ ತಿದ್ದುತ್ತ ಕೂತಿದ್ದಾಗ ನಮ್ಮ ಮನೆಯವರು ಹಿಂದಿನಿಂದ ಇಣುಕಿದರು. ಅವರು ಹಡಗಿನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ನಲವತ್ತು ವರ್ಷ ಗಂಗೆಯ ದಡದಲ್ಲಿದ್ದರೂ ಮಾತು ಮಾತ್ರ ಗದಗಿನದೇ.

"ಏ ಇಕಿ, ಸ್ವಲ್ಪ ತಡಿ. ಈ ಹುಡುಗಿ ಬರದದ್ದು ಮ್ಯಾಲ ಮಾಡು. ಹಾಂ. ಅಡಗಿ ಮನ್ಯಾಗಿಂದ ಪಂಚಾಂಗ ತಗೊಂಬಾ."

ಪ್ರತಿ ಯುಗಾದಿಗೆ ನನ್ನ ತವರಿನಿಂದ ಅಂಚೆಯಲ್ಲಿ ಬರುವ ಪಂಚಾಂಗ ಅದು. ತಂದೆ. ಅವರು ಬೆರಳಿಟ್ಟು ನೋಡುತ್ತ ಹೋದರು.

"ನೋಡಿಲ್ಲಿ. ಅಮಾಸಿಗೆ ಹನ್ನೊಂದು. ಹುಣ್ಣಿವಿಗೂ ಹನ್ನೊಂದು. ಮುಂದಿನ ಅಮಾಸಿಗಿ ಹತ್ತು. ನಡುವ ಕಡಿಮಿ ಆಕ್ಕೋತ ಹೊಕ್ಕಾವು, ಮತ್ತ ಏರತಾವು. ಹಡಗ ನೀರಿಗಿ ಬಿಡೂ ಮುಂದ ನಾವು ಈ ಭರತಿ-ಇಳತಾನ ನೋಡತಿದ್ವಿ. ಅಕಿಗೆ ಯಾರು ಕಲಿಸ್ಯಾರ?"

"ಯಾರೂ ಇಲ್ಲರಿ. ನಾ ಐದ ಸಾಲು ಬರೀ ಅಂತ ಬೈದೀನಿ."

"ಛಲೋ ಮಾಡೀದಿ" ಎಂದು ಒಳಗೆ ಹೋದರು. ಅವರು ಹೊಗಳುವುದೂ ಬೈಯುವುದೂ ಒಂದೇ ಧ್ವನಿಯಲ್ಲಿ. ಅಂದು ಯಾವುದೆಂದು ನನಗೆ ಸರಿಯಾಗಿಯೇ ಗೊತ್ತಾಯಿತು.

ಅಂದಿನಿಂದ ನಾನು ಅವಳ ಬ್ಲಾಗಿಗೆ ಕಾಯುವವಳಾದೆ. ಚಹಾ ಒಲೆಯ ಮೇಲಿರುವಾಗಲೇ ಸಂಖ್ಯೆ ನೋಡುವುದು, ಪಂಚಾಂಗ ನೋಡುವುದು. ಮೂವತ್ತೊಂದು ವರ್ಷದಲ್ಲಿ ನಾನು ಕೊಟ್ಟ ಪಾಠವೊಂದನ್ನು ಒಂದು ಮಗು ಹೇಳಿದ ಹಾಗೆಯೇ ಮಾಡಿದ್ದು ಅದೊಂದೇ ಇರಬಹುದು.

ಮುಂದಿನ ಫೆಬ್ರವರಿಯಲ್ಲಿ ಅರವತ್ತು ತುಂಬಿತು, ತಿಂಗಳ ಕೊನೆಯ ದಿನ ನಾನು ನಿವೃತ್ತಳಾದೆ. ಹಾರ, ಶಾಲು, ಸಿಹಿತಿಂಡಿಯ ಡಬ್ಬಿ, ಭಾಷಣ ಎಲ್ಲ ಆಯಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ಘೋಷಾಲ್ ಬಾಬುವಿನ ಫೋನ್.

"ಮ್ಯಾಡಂ, ನಾಲ್ಕನೇ ಕ್ಲಾಸು ರಿಟೈರ್ ಆಗಿದೆ."

"ಏನಂದಿರಿ?"

"ಎಂಬತ್ತೆರಡು ಜನರೂ. ಎಲ್ಲರಿಗೂ ಧನ್ಯವಾದ ಪತ್ರ ಬಂದಿದೆ. ದೀರ್ಘಕಾಲದ ಸಮರ್ಪಿತ ಸೇವೆಗಾಗಿ ಕೃತಜ್ಞತೆಗಳು, ತಮ್ಮನ್ನು ಇಂದಿನಿಂದ ಎಲ್ಲ ಕರ್ತವ್ಯಗಳಿಂದ ಬಿಡುಗಡೆ ಮಾಡಲಾಗಿದೆ, ವಿಶ್ರಾಂತ ಜೀವನ ಸುಖಕರವಾಗಿರಲಿ ಎಂದು."

ನನಗೆ ತಕ್ಷಣ ಹೊಳೆಯಿತು. ಸಿಸ್ಟಮ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ನಾನು ಶಾಲೆಗೆ ಹೋಗಿ ಘೋಷಾಲ್ ಬಾಬುವಿಗೆ ವಿಷಯ ಹೇಳಿದೆ. ಅವರು ಬಾಗಿಲು ಹಾಕಿದರು.

"ಇದನ್ನು ನೀವು ನನಗೆ ಹೇಳಿಲ್ಲ, ನಾನು ಕೇಳಿಲ್ಲ. ತಾಂತ್ರಿಕ ದೋಷ. ಮೂವತ್ತು ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ, ಏಪ್ರಿಲಿನಲ್ಲಿ ಹೊಸ ಪರಿಕರ ಆರಿಸೋಣ. ಹೋಗುವುದಾದರೂ ಏನು? ಎಂಬತ್ತೆರಡು 'ನೀರು ಉಳಿಸಿ'. ನಿಮ್ಮ ನೋ ಡ್ಯೂಸ್ ಪತ್ರಕ್ಕೆ ನಾನು ಇನ್ನೂ ಸಹಿ ಹಾಕಬೇಕಿದೆ, ಪಿಂಚಣಿ ಕಾಗದ ಹೊರಡಬೇಕಿದೆ. ಮಕ್ಕಳ ಜನ್ಮದಿನಾಂಕ ಸುಳ್ಳು ಬರೆದೆ ಎಂದು ಮೇಲೆ ಹೋದರೆ ಏನಾಗುತ್ತದೆ ಗೊತ್ತಲ್ಲ?"

ಗೊತ್ತಿತ್ತು. ಅದಕ್ಕೇ ಒಪ್ಪಿಕೊಂಡೆ. ಟುಂಪಾಳ ನೆನಪು ಬರಲಿಲ್ಲವೇ ಎಂದು ಕೇಳಿದರೆ, ಬಂತು. ಅವಳು ಸಣ್ಣವಳು, ಮರೆಯುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತು ದಿನ ಬೆಳಿಗ್ಗೆ ಚಹಾ ಮಾಡುವಾಗ ಪಂಚಾಂಗದ ಕಡೆ ನೋಡಲಿಲ್ಲ.

ಹನ್ನೊಂದನೇ ದಿನ ಸಹಿ ತರಲು ಶಾಲೆಗೆ ಹೋದೆ. ಕಾರಿಡಾರಿನಲ್ಲಿ ಟುಂಪಾ ಸಿಕ್ಕಿದಳು. ಬಾಯಿಗೆ ಬಂದದ್ದು ಅಭ್ಯಾಸದ ಮಾತು.

"ಇವತ್ತು ಎಷ್ಟೇ?"

"ಗೊತ್ತಿಲ್ಲ ಮಿಸ್. ನೋಡಲಿಲ್ಲ."

"ಯಾಕೆ?"

ಅವಳು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ನನ್ನನ್ನು ರಿಟೈರ್ ಮಾಡಿದರಲ್ಲ."

ಚೀಲದಿಂದ ಒಂದು ಹಾಳೆ ತೆಗೆದು ತೋರಿಸಿದಳು. ಆ ಧನ್ಯವಾದ ಪತ್ರವನ್ನು ಅವಳ ಅಪ್ಪ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿದ್ದರು. ಮಗಳಿಗೆ ಸರ್ಕಾರದಿಂದ ಏನೋ ಗೌರವ ಬಂದಿದೆಯೆಂದು ಪಾಪ ತಿಳಿದಿದ್ದರು. ಅವಳು ಇಂಗ್ಲಿಷ್ ಓದಬಲ್ಲವಳು. ಕರ್ತವ್ಯಗಳಿಂದ ಬಿಡುಗಡೆ ಎಂದರೆ ಇನ್ನು ಎಣಿಸಬೇಡ ಎಂದು ಅರ್ಥಮಾಡಿಕೊಂಡಿದ್ದಳು. ಲಂಚಿನಲ್ಲಿ ಘಾಟಿಗೆ ಬೆನ್ನು ಹಾಕಿ ಕೂರುತ್ತಾಳಂತೆ.

"ವರ್ಷಕ್ಕೆ ಇನ್ನೊಂದೇ ತಿಂಗಳಿತ್ತು ಮಿಸ್" ಎಂದಳು, ಅಷ್ಟೇ. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಬಂದುಬಿಡುತ್ತಿದ್ದೆನೋ ಏನೋ.

ನನಗೆ ನಾಚಿಕೆಯಾಯಿತು. ಕೆಲಸದ ಬದುಕಿನಲ್ಲಿ ಬೈಸಿಕೊಂಡಿದ್ದೇನೆ, ಅವಮಾನವಾಗಿದೆ, ಅದೆಲ್ಲ ಸಂಜೆಯ ಹೊತ್ತಿಗೆ ಆರುತ್ತದೆ. ಇದು ಆರುವ ಜಾತಿಯದಾಗಿರಲಿಲ್ಲ. ಆಫೀಸಿಗೆ ಹೋಗಿ ಒಂದು ಹಾಳೆ ಕೇಳಿದೆ, ಕಾಗದರಹಿತ ಶಾಲೆಯಲ್ಲಿ ಅದಕ್ಕೇನೂ ಕೊರತೆಯಿರಲಿಲ್ಲ. ಎಂಬತ್ತೆರಡು ಮಕ್ಕಳ ಜನ್ಮದಿನಾಂಕವನ್ನು ನಾನೇ ತಿಳಿದೂ ತಿಳಿದೂ ತಪ್ಪಾಗಿ ದಾಖಲಿಸಿದೆ, ಇದರಲ್ಲಿ ಯಂತ್ರದ ದೋಷವಿಲ್ಲ, ಖಾತೆಗಳನ್ನು ಅಳಿಸದೆ ಮತ್ತೆ ತೆರೆಯಬೇಕು ಎಂದು ಬರೆದು ಸಹಿ ಹಾಕಿದೆ.

ಘೋಷಾಲ್ ಬಾಬು ಓದಿ ಕನ್ನಡಕ ತೆಗೆದರು. "ಮೊನ್ನೆಯಷ್ಟೇ ಹಾರ ಹಾಕಿಸಿಕೊಂಡವರು ನೀವು. ಇದನ್ನು ವಾಪಸ್ ತೆಗೆದುಕೊಳ್ಳಿ."

"ಇನ್‌ವರ್ಡ್ ನಂಬರ್ ಹಾಕಿಸಿದ್ದೇನೆ ಸರ್" ಎಂದೆ. ಮೂವತ್ತೊಂದು ವರ್ಷದಲ್ಲಿ ಅಷ್ಟು ಬುದ್ಧಿ ಬಂದಿತ್ತು.

ಚೇತನ್‌ನನ್ನು ಕರೆಸಿದೆವು. ಈ ಸಲ ನಾನು ರೊಟ್ಟಿ ಮಾಡಲಿಲ್ಲ. ಅವನು ತಲೆ ಕೆರೆದುಕೊಂಡ. "ಮಕ್ಕಳ ನಿಜವಾದ ಡೇಟ್ ಹಾಕಿದ್ರೆ ಪೇರೆಂಟ್ಸ್ ಒಪ್ಪಿಗೆ ಬರೋವರ್ಗೂ ಅಕೌಂಟ್ ಓಪನ್ ಆಗಲ್ಲ ಮೇಡಂ, ಅಷ್ಟ್ರಲ್ಲಿ ಎಲ್ಲಾ ಡಿಲೀಟ್ ಆಗೋಗತ್ತೆ. ಇರೋದು ಒಂದೇ ದಾರಿ. ಒಪ್ಪಿಗೆ ಪತ್ರ ಬರೋ ತನ್ಕ ಸಿಬ್ಬಂದಿಗೆ ಸೇವಾವಧಿ ವಿಸ್ತರಣೆ ಕೊಡ್ಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಲೆಟರ್, ಹೆಡ್‌ಮಾಸ್ಟರ್ ಸಹಿ, ಸೀಲು."

ಹೀಗಾಗಿ ಆ ಮಧ್ಯಾಹ್ನ ನಮ್ಮ ಶಾಲೆ ಎಂಬತ್ತೆರಡು ಆದೇಶಗಳನ್ನು ಹೊರಡಿಸಿತು. ಕುಮಾರ ಅಥವಾ ಕುಮಾರಿ ಇಂಥವರ ಅನುಭವ ಮತ್ತು ಶಾಲೆಯ ಅಗತ್ಯವನ್ನು ಪರಿಗಣಿಸಿ ಅವರ ಸೇವೆಯನ್ನು ಒಂದು ತಿಂಗಳು ವಿಸ್ತರಿಸಲಾಗಿದೆ ಎಂದು. ಘೋಷಾಲ್ ಬಾಬು ಸಹಿ ಹಾಕಿದರು, ನಾನು ಸೀಲು ಒತ್ತಿದೆ. ಅರವತ್ತು ತುಂಬಿದ್ದು ನಿಜವಾಗಿ ನನಗೊಬ್ಬಳಿಗೆ. ವಿಸ್ತರಣೆ ಸಿಗದಿದ್ದವಳೂ ನಾನೊಬ್ಬಳೇ. ನನಗೆ ಸಿಕ್ಕಿದ್ದು ವಿವರಣೆ ಕೇಳಿದ ಮೆಮೊ. ಪಿಂಚಣಿಯ ಕಾಗದ ಕದಲಿದ್ದು ಮಳೆಗಾಲ ಬಂದ ಮೇಲೆ. ನಮ್ಮ ಮನೆಯವರು ಆ ತಿಂಗಳುಗಳಲ್ಲಿ ಒಮ್ಮೆಯೂ ಆ ಬಗ್ಗೆ ಮಾತೆತ್ತಲಿಲ್ಲ. ಬೆಳಿಗ್ಗೆ ಮಾತ್ರ, "ಇವತ್ತ ಎಷ್ಟಂತ?" ಎಂದು ಕೇಳುತ್ತಿದ್ದರು.

ಏಕೆಂದರೆ ಟುಂಪಾ ಮರುದಿನದಿಂದಲೇ ಕೆಲಸಕ್ಕೆ ಹಾಜರಾದಳು. ಹಳೆಯದೆಲ್ಲ ಉಳಿದಿತ್ತು. ನಡುವಿನ ಹನ್ನೊಂದು ದಿನ ಮಾತ್ರ ಖಾಲಿ. ಅದು ನನ್ನಿಂದ ಬಿದ್ದ ತೂತು, ನಾನೇ ಮುಚ್ಚಬೇಕೆಂದುಕೊಂಡೆ. ಮನೆಯವರೂ ನಾನೂ ಪಂಚಾಂಗ ಹಿಡಿದು ಕೂತು, ಹಿಂದಿನ ಅಮಾವಾಸ್ಯೆ ಹುಣ್ಣಿಮೆಗಳ ಲೆಕ್ಕ ಹಿಡಿದು, ಹನ್ನೊಂದೂ ದಿನದ ಮೆಟ್ಟಿಲುಗಳನ್ನು ಒಂದು ಚೀಟಿಯಲ್ಲಿ ಬರೆದೆವು. ಹೆಚ್ಚೆಂದರೆ ಒಂದು ಮೆಟ್ಟಿಲು ಆಚೀಚೆ ಆದೀತು ಎಂದರು ಅವರು. ಅದನ್ನು ಒಯ್ದು ಶಾಲೆಯ ಗೇಟಿನಲ್ಲಿ ಅವಳ ಕೈಗೆ ಕೊಟ್ಟೆ.

"ಇದನ್ನು ಹಾಕಿಬಿಡೇ. ಹೆಚ್ಚುಕಡಿಮೆ ಸರಿಯಿದೆ. ನಿನ್ನ ವರ್ಷ ಪೂರ್ತಿಯಾಗುತ್ತದೆ."

ಅವಳು ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ಆಮೇಲೆ ಮಡಿಸಿ, ನನಗೆ ಬೇಜಾರಾಗಬಾರದೆಂದು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟಳು.

"ನಾನು ನೋಡಿಲ್ಲವಲ್ಲ ಮಿಸ್. ನೋಡಿದ್ದನ್ನು ಮಾತ್ರ ಬರೆಯಿರಿ ಅಂದಿದ್ದಿರಿ."

ನಾನು ಎಂಬತ್ತೆರಡು ಸಲ ಒಂದೇ ತಾರೀಖು ಅಂಟಿಸಿದ ಕೈಯಲ್ಲಿ ಆ ಚೀಟಿ ಹಿಡಿದು ಗೇಟಿನಲ್ಲಿ ನಿಂತೆ. ಅವಳು ಗಂಟೆಯಾಯಿತೆಂದು ಓಡಿದಳು.

ಆದ್ದರಿಂದ ಯಾವ ಸೈಟ್ ಒಳ್ಳೆಯದೆಂದು ಕೇಳುವವರಿಗೆ ನಾನು ಹೇಳುವುದಿಷ್ಟೇ. ಯಾವುದನ್ನಾದರೂ ಆರಿಸಿ, ಆದರೆ ಮೊದಲು ಒಂದು ಮಗುವನ್ನು ಕರೆದು ಅದರ ನಿಜವಾದ ಹೆಸರು, ನಿಜವಾದ ವಯಸ್ಸು ಹಾಕಿಸಿ ನೋಡಿ. ಒಪ್ಪದಿದ್ದರೆ ಬಿಟ್ಟುಬಿಡಿ. ಮೊನ್ನೆ ಫೋನ್ ಮಾಡಿದ ಹುಡುಗಿಗೆ ಇದನ್ನು ಹೇಳಿದಾಗ, "ಸಮಿತಿ ಒಪ್ಪಲ್ಲ ಮ್ಯಾಡಂ" ಎಂದಳು. ಅವಳಿಗೂ ಯಾವಾಗಲೋ ಪ್ರಿಂಟರಿನ ಕಾಗದ ಎಳೆದ ಚರಿತ್ರೆ ಇರಬೇಕು.

ಟುಂಪಾಳ ವರ್ಷ ಮಾರ್ಚ್ ಕೊನೆಗೆ ಮುಗಿಯಿತು. ಆ ಸಂಜೆ ಮೊದಲಿನಿಂದ ಕೊನೆಯವರೆಗೆ ಅವಳ ಬ್ಲಾಗ್ ತೆರೆದು ಕೂತೆ. ಹನ್ನೊಂದು ದಿನಗಳನ್ನು ಅವಳು ಖಾಲಿ ಬಿಟ್ಟಿರಲಿಲ್ಲ. ಒಂದೊಂದು ದಿನಕ್ಕೂ ಬೇರೆ ಬೇರೆಯಾಗಿ ಬರೆದಿದ್ದಳು, ಹನ್ನೊಂದಕ್ಕೂ ಅದೇ ಒಂದು ಸಾಲು:

"ಇವತ್ತು ನೋಡಲಿಲ್ಲ. ರಿಟೈರ್ ಆಗಿದ್ದೆ."